ಮೂರು ರಿಂಗು ನುಂಗಿದ ಪೆಟ್ಟಿಗೆಗೆ

ಹೊಲಿಗೆ ಕಾರ್ಖಾನೆಯ ಗೋಡೆಯಲ್ಲಿ, ಗಡಿಯಾರದ ಪಕ್ಕದ ಮೊಳೆಯ ಮೇಲೆ ವಿರಾಜಮಾನರಾಗಿರುವ ಮೊಬೈಲ್ ಜಾಮರ್ ಮಹಾಶಯರಿಗೆ, ಅದೇ ಕಟ್ಟಡದ ಮೇಲಿನ ಮಹಡಿಯ ಬಾಡಿಗೆದಾರನು ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ಹಾಂ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ? ಮೆಟ್ಟಿಲ ಮೇಲೆ ನಿಂತು ಕಿಟಕಿಯ ಗಾಜಿನಾಚೆಯಿಂದ ತಮಗೆ ಅರ್ಧ ಹೇಳಿದ್ದೆ. ಅಷ್ಟರಲ್ಲಿ ಕಾರ್ಖಾನೆಯ ಮಾಲೀಕರು ಬಂದು, "ಏನ್ ಯಜಮಾನ್ರೇ, ಗೋಡೆ ಜೊತೆ ಮಾತಾಡೋ ಹಾಗಾಯ್ತಾ?" ಎಂದು ಕೇಳಿದ್ದರಿಂದ ಮಾತು ತುಂಡಾಯಿತು. ಮಾತು ತುಂಡಾಗುವುದು ತಮಗೆ ಹೊಸದೇನಲ್ಲ, ತಮ್ಮ ಕಸುಬೇ ಅದು. ಆದ್ದರಿಂದ ಉಳಿದರ್ಧವನ್ನು ಕಾಗದದ ಮೇಲೆ, ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಕಾಗದವನ್ನು ತಡೆಯುವ ಕೊಂಬು ತಮಗಿನ್ನೂ ಮೊಳೆತಿಲ್ಲವೆಂಬ ಧೈರ್ಯದಿಂದ. ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್ ಐ ಬೆಗ್ ಟು ಸ್ಟೇಟ್ ದಟ್... ಇದರ ಮುಂದೆ ಕಾಲೇಜಿನಲ್ಲಿ ಕಲಿತದ್ದು 'ಐ ಯಾಮ್ ಸಫರಿಂಗ್ ಫ್ರಮ್ ಫೀವರ್' ಎಂಬುದೊಂದೇ. ನನಗೀಗ ಜ್ವರವಿಲ್ಲವಾದ್ದರಿಂದ ನಮ್ಮ ಭಾಷೆಗೇ ಮರಳುತ್ತೇನೆ.

ಮೊದಲಿಗೆ ತಮ್ಮ ಗುಣಗಾನ. ಅಂಗೈಯಗಲದ ಕಪ್ಪು ಪೆಟ್ಟಿಗೆ, ನೆತ್ತಿಯ ಮೇಲೆ ಆಂಟೆನಾಗಳ ಸಾಲುಗೊಂಬು, ಹೊಟ್ಟೆಯಲ್ಲೊಂದು ಹಸಿರು ದೀಪ; ಆ ದೀಪ ಉರಿದರೆ ಸುತ್ತಲಿನ ಫೋನುಗಳ ಸಿಗ್ನಲ್ಲೆಲ್ಲ ಸತ್ತಂತೆ. ಸೊಳ್ಳೆ ಬ್ಯಾಟು ಕೊಳ್ಳಲು ಹೋದ ಮಾಲೀಕರು ಅದೇ ಅಂಗಡಿಯಿಂದ ಅದೇ ಚೀಲದಲ್ಲಿ ತಮ್ಮನ್ನೂ ತಂದರು. ಕಾಲರ್ ಹೊಲಿಯುವ ಹೆಂಗಸರು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಾರೆ, ಕಾಲರ್ ಸೊಟ್ಟಗಾಗುತ್ತದೆ ಎಂಬುದು ಅವರ ಸಂಕಟ. ತಾವು ಬಂದ ಮೇಲೆ ಕಾಲರ್ ನೆಟ್ಟಗಾಯಿತೋ ಇಲ್ಲವೋ ನಾನರಿಯೆ. ತೋಳು ಹೊಲಿಯುವಾಕೆಯ ಮಗುವಿಗೆ ಶಾಲೆಯಲ್ಲಿ ವಾಂತಿಯಾಗಿ, ಆಕೆಗೆ ಸುದ್ದಿ ಮುಟ್ಟದೆ, ಆ ಕೂಸು ಸಂಜೆಯವರೆಗೆ ಶಾಲೆಯ ಬೆಂಚಿನ ಮೇಲೆ ಮಲಗಿದ್ದಿತೆಂಬುದನ್ನು ಮಾತ್ರ ಬಲ್ಲೆ. ಮಾಲೀಕರನ್ನು ಕೇಳಿದರೆ, "ಸಿನಿಮಾ ಹಾಲು, ಟ್ಯೂಷನ್ನು, ಮೀಟಿಂಗ್ ರೂಮು, ಎಲ್ಲಾ ಕಡೆ ಇಟ್ಕೊಂಡಿದ್ದಾರೆ ಯಜಮಾನ್ರೇ, ನಾನೊಬ್ಬನೇ ಕೆಟ್ಟೋನಾ?" ಎನ್ನುತ್ತಾರೆ. ಊರೆಲ್ಲ ಕದ್ದರೆ ಅದು ಕಳವಲ್ಲ, ಮಾಮೂಲು. ಸೈಲೆನ್ಸ್ ಈಸ್ ಗೋಲ್ಡನ್ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆ ಬಂಗಾರ ಸೊಳ್ಳೆ ಬ್ಯಾಟಿನ ಜೊತೆ ಸಿಗುವ ಕಾಲ ಬರುತ್ತದೆಂದು ಆ ಪುಣ್ಯಾತ್ಮರು ಎಣಿಸಿರಲಿಕ್ಕಿಲ್ಲ.

ಜಾಮ್ ಮಾಡುವ ವಿದ್ಯೆ ನನಗೆ ಅಪರಿಚಿತವೇನಲ್ಲ. ತೀರಿಹೋದ ನನ್ನ ಹೆಂಡತಿ ಯಾವ ಕೊಂಬೂ ಇಲ್ಲದೆ, ಸೌಟು ಹಿಡಿದ ಕೈಯನ್ನು ಹಾಗೆ ಒಮ್ಮೆ ನಿಲ್ಲಿಸಿ ನೋಡಿದಳೆಂದರೆ ನನ್ನ ಮಾತು ಗಂಟಲಲ್ಲೇ ಇಂಗುತ್ತಿತ್ತು. ಆದರೆ ಅವಳು ತಡೆಯುತ್ತಿದ್ದುದು ನನ್ನೊಬ್ಬನನ್ನು. ಗೋಡೆ ತೂರಿ ಪಕ್ಕದ ಮನೆಯವರ ಬಾಯನ್ನೂ ಮುಚ್ಚಿಸಿದವಳಲ್ಲ.

ತಮ್ಮ ಕುಲಗೋತ್ರ ವಿಚಾರಿಸಲು ದೂರಸಂಪರ್ಕದ ಕಚೇರಿಗೂ ಹೋಗಿಬಂದೆ. ಫ್ಯಾನಿನ ಗಾಳಿಗೆ ಹಾರದಂತೆ ಕಾಗದಗಳ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಹೇರಿಕೊಂಡು ಕೂತಿದ್ದ ಗುಮಾಸ್ತರು ಬಲು ಸಜ್ಜನರು. ಜೈಲು, ಪರೀಕ್ಷೆ, ದೊಡ್ಡವರ ಭದ್ರತೆ ಎಂದು ಸರ್ಕಾರದವರು ಅನುಮತಿ ಪಡೆದು ತಮ್ಮನ್ನು ಇಟ್ಟುಕೊಳ್ಳಬಹುದಂತೆ. ಖಾಸಗಿಯವರು ಕೊಂಡರೂ ತಪ್ಪು, ಮಾರಿದರೂ ತಪ್ಪು, ಮೊಳೆಗೆ ನೇತುಹಾಕಿದರಂತೂ ಮಹಾಪರಾಧವಂತೆ. ಹಾಗಾದರೆ ನಮ್ಮ ಕೆಳಗಿನ ಮಹಡಿಯಲ್ಲಿರುವುದು ಏನೆಂದು ಕೇಳಿದೆ. "ಕಾನೂನು ಪ್ರಕಾರ ಅದು ಇಲ್ಲ, ಸ್ವಾಮಿ" ಎಂದರು. ದೂರು ಕೊಡಬೇಕಿದ್ದರೆ ಸಿಗ್ನಲ್ ಇಲ್ಲದ ಆ ಜಾಗದಿಂದಲೇ ಸಹಾಯವಾಣಿಗೆ ಫೋನ್ ಮಾಡಬೇಕೆಂದೂ, ಬೇರೆ ಕಡೆಯಿಂದ ಮಾಡಿದರೆ ಸಿಗ್ನಲ್ ಚೆನ್ನಾಗಿದೆ ಎಂದೇ ದಾಖಲಾಗುವುದೆಂದೂ ಕನಿಕರದಿಂದ ತಿಳಿಸಿದರು. ಎಂಥ ಯೋಗ ತಮ್ಮದು! ಇಲ್ಲವೇ ಇಲ್ಲದ ತಾವು, ಇದ್ದೇ ಇರುವ ನನ್ನನ್ನು ಇಲ್ಲವಾಗಿಸಿದ್ದೀರಿ.

ಇಲ್ಲವಾಗಿಸಿದ್ದು ಎಂದದ್ದು ಅಲಂಕಾರಕ್ಕಲ್ಲ. ನನಗೊಬ್ಬಳು ಅಕ್ಕ ಇದ್ದಾಳೆ, ಊರಿನ ಆ ತುದಿಯಲ್ಲಿ ಒಂಟಿ ಕೋಣೆಯಲ್ಲಿ. ನನ್ನ ಹೆಂಡತಿ ತೀರಿಕೊಂಡ ವರ್ಷ ಅಕ್ಕನೇ ಮಾಡಿದ ಕಟ್ಟಳೆ: ದಿನಾ ಸಂಜೆ ದೀಪ ಹಾಕುವ ಹೊತ್ತಿಗೆ ಅವಳು ಒಂದು ರಿಂಗು ಕೊಟ್ಟು ನಿಲ್ಲಿಸಬೇಕು, ಇದ್ದೇನೆ ಎಂದರ್ಥ, ನಾನೂ ತಿರುಗಿ ಒಂದು ಕೊಡಬೇಕು, ನಾನೂ ಇದ್ದೇನೆ ಎಂದರ್ಥ. ಯಾರೂ ಎತ್ತಬಾರದು. ಎತ್ತಿದರೆ ನಾನು ಮಾತಿಗೆ ಶುರುಮಾಡುತ್ತೇನೆಂಬ ಭಯ ಅವಳಿಗೆ. ಮೂರು ರಿಂಗು ಬಂದರೆ ಮಾತ್ರ ಇದ್ದಲ್ಲಿಂದ ಹೊರಟು ಬರಬೇಕು. ಇಷ್ಟು ವರ್ಷಗಳಲ್ಲಿ ಮೂರು ರಿಂಗು ಬಂದದ್ದೇ ಇಲ್ಲ.

ತಾವು ದಯಮಾಡಿಸಿದ ಮಾರನೆಯ ದಿನ ಬಂತಂತೆ. ಬಂತಂತೆ ಎನ್ನುತ್ತೇನೆ, ಏಕೆಂದರೆ ನನಗೆ ಬರಲಿಲ್ಲ, ತಮಗೆ ಬಂತು. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು, ಮುರಿದ ಮಣಿಕಟ್ಟನ್ನು ಎದೆಗೊತ್ತಿಕೊಂಡು, ಎಡಗೈಯಲ್ಲಿ ಮೂರು, ಮತ್ತೆ ಮೂರು, ಮತ್ತೂ ಮೂರು ಎಂದು ಒತ್ತುತ್ತಿದ್ದಾಗ ನಾನು ತಮ್ಮ ನೆತ್ತಿಯ ಮೇಲೆಯೇ ಕಾಲು ಚಾಚಿ ಕೂತು, ಇವತ್ತು ಅಕ್ಕ ಮರೆತಳು, ವಯಸ್ಸಾಯಿತು ಪಾಪ, ಎಂದು ಕಾಫಿ ಕುಡಿಯುತ್ತಿದ್ದೆ. ಅವಳು ಮರೆತರೂ ನಾನಾದರೂ ಕೊಡೋಣವೆಂದು ಒತ್ತಿದ ನನ್ನ ಒಂದು ರಿಂಗೂ ತಮ್ಮ ಹೊಟ್ಟೆಗೇ ಹೋಯಿತು. ಬೆಳಿಗ್ಗೆ ಹಾಲಿನವಳು ಬಾಗಿಲು ತಳ್ಳಿ ನೋಡಿದಳು. ಆಸ್ಪತ್ರೆಯಲ್ಲಿ ಅಕ್ಕ ನನ್ನನ್ನು ಕಂಡವಳೇ ಬೈದ ಬೈಗುಳ ಇದು: "ಬದುಕಿದ್ದೀಯೇನೋ ಪಾಪಿ! ಕೈ ಹೋದ್ರೆ ಹೋಗ್ಲಿ, ತಿರುಗಿ ರಿಂಗು ಬರ್ಲಿಲ್ವಲ್ಲ, ಇವನೇ ಹೋಗ್ಬಿಟ್ನೇನೋ ಅಂತ ರಾತ್ರಿಯೆಲ್ಲಾ ನಿಂಗೋಸ್ಕರ ಅತ್ತೆ ಕಣೋ." ನೆಲದ ಮೇಲೆ ಬಿದ್ದವಳು ತಾನು, ಅತ್ತದ್ದು ನನಗಾಗಿ. ಕಾನೂನಿನ ಪ್ರಕಾರ ಇಲ್ಲದ ಮಹಾಶಯರೇ, ಆ ಅಳುವನ್ನು ಯಾವ ಖಾತೆಗೆ ಹಾಕಲಿ?

ಅಂದಿನಿಂದ ಸಂಜೆ ಸಂಜೆ ನಾನು ಬೀದಿಯ ಮೂಲೆಯ ವಿದ್ಯುತ್ ಕಂಬದ ಬುಡಕ್ಕೆ ಹೋಗುತ್ತೇನೆ. ತಮ್ಮ ಸಾಮ್ರಾಜ್ಯದ ಗಡಿ ಅದು, ಅದರಾಚೆ ಫೋನುಗಳಿಗೆ ಜೀವ ಬರುತ್ತದೆ. ಹೊಲಿಗೆಯ ಹೆಂಗಸರೂ ಬಿಡುವಿನಲ್ಲಿ ಅಲ್ಲಿಗೇ ಓಡಿಬರುತ್ತಾರೆ. ತಮ್ಮ ಮಾಲೀಕರೂ ಅಷ್ಟೇ, ಗಿರಾಕಿಗಳ ಫೋನು ಅವರಿಗೂ ಒಳಗೆ ಬರುವುದಿಲ್ಲವಲ್ಲ. ತಾನೇ ಹಾಕಿದ ಬೀಗದ ಹೊರಗೆ ತಾನೇ ನಿಂತ ಆ ಧಣಿಯನ್ನು ನೋಡುವುದೇ ಒಂದು ಭಾಗ್ಯ. ತಮ್ಮ ದಾಯಾದಿ ಯಂತ್ರವೊಂದಿದೆಯಂತೆ, ತಾನೇ ಟವರಿನ ವೇಷ ಹಾಕಿ ಜನರ ಮಾತನ್ನು ಕದ್ದು ಕೇಳುತ್ತದಂತೆ, ಅದನ್ನೂ ಬೇಕಾದವರೂ ಬೇಡದವರೂ ಇಟ್ಟುಕೊಂಡಿದ್ದಾರಂತೆ. ನಮ್ಮ ಬೀದಿಗೆ ಬರಲು ಆ ದಾಯಾದಿಗಳು ದಯವಿಟ್ಟು ಶ್ರಮ ತೆಗೆದುಕೊಳ್ಳುವುದು ಬೇಡ. ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಹಚ್ಚಿ ಅರಚುವ ಆ ಕಂಬದ ಬುಡದಲ್ಲಿ ಯಾರ ಗಂಡ ಕುಡಿಯುತ್ತಾನೆ, ಯಾರ ನಾದಿನಿ ಬಸುರಿ, ಯಾವ ಅಂಗಿಯ ಗಂಟು ವಾಪಸ್ಸು ಬಂತು ಎಲ್ಲವೂ ಎಲ್ಲರಿಗೂ ಗೊತ್ತು. ಕಂಬದ ಪಕ್ಕದ ಇಸ್ತ್ರಿ ಗಾಡಿಯವನಂತೂ, "ನಿಮ್ಮಕ್ಕ ಇನ್ನೂ ರಿಂಗ್ ಕೊಟ್ಟಿಲ್ಲ, ಇಲ್ಲೇ ನಿಂತ್ಕೊಳ್ಳಿ" ಎಂದು ನನಗೇ ಹೇಳುತ್ತಾನೆ. ಯಾವ ಅನುಮತಿಯೂ ಇಲ್ಲದ ಕದ್ದಾಲಿಕೆ, ಆದರೆ ಅದರಲ್ಲಿ ಅಷ್ಟಾದರೂ ಮನುಷ್ಯತ್ವವಿದೆ.

ಇನ್ನು ನನ್ನ ಕೋರಿಕೆಗಳು. ತಡೆಯುವ ಶಕ್ತಿ ತಮಗಿರುವುದು ನಿಜವಾದರೆ, ಸಾಲ ಬೇಕೇ ಎಂದು ಮಧ್ಯಾಹ್ನದ ನಿದ್ದೆಗೆ ಬರುತ್ತಿದ್ದ ಆ ಜೇನುದನಿಯನ್ನು ಹೀಗೇ ತಡೆಯುತ್ತಲೇ ಇರಿ, ಅದೊಂದಕ್ಕೆ ನಾನು ಋಣಿ. ಮಾಲೀಕರು ಹೆಂಗಸರನ್ನು ಬೈಯುವಾಗ ಅವರ ನಾಲಗೆಗೂ ಒಂದು ಕೊಂಬು ತಿರುಗಿಸಿ. ಅಕ್ಕನ ಮಣಿಕಟ್ಟಿನ ನೋವನ್ನು ಅರ್ಧ ದಾರಿಯಲ್ಲಿ ಹಿಡಿದು ನಿಲ್ಲಿಸಿ. ಮೇಲಿನಿಂದ ಕರೆ ಬರುವ ವಯಸ್ಸು ನಮ್ಮಿಬ್ಬರದೂ. ಅದು ಬಂದಾಗ 'ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದಲ್ಲಿಲ್ಲ' ಎಂದು ಹೇಳಿಸುವಿರಾದರೆ ತಮ್ಮನ್ನು ನಾನೇ ದಿನಾ ಒರೆಸಿ ಇಡುತ್ತೇನೆ. ಇದಾವುದೂ ಆಗದೆಂದಾದರೆ ಒಂದೇ ಒಂದು ರಿಂಗು ನುಸುಳುವಷ್ಟು ಸಂದು ಬಿಡಿ. ಮಾತು ಬೇಡ, ರಿಂಗು ಸಾಕು.

ಇನ್ನೂ ಬರೆಯುವುದಿತ್ತು. ಕಾಲೇಜಿನ ಮೇಷ್ಟ್ರು ಕಾನೂನಿನ ಬಗ್ಗೆ ಹೇಳಿದ್ದ ಇಂಗ್ಲಿಷ್ ಮಾತೊಂದು, ದಿ ಲಾ ಈಸ್ ಏನೋ, ಕೊನೆಗೊಂದು ಕತ್ತೆ ಬರುತ್ತದೆ, ನಾಲಗೆಯ ತುದಿಯಲ್ಲಿದೆ, ಆದರೆ ಕಿಟಕಿಯ ಬೆಳಕು ಹೋಗುತ್ತಿದೆ, ಅಕ್ಷರದ ಮೇಲೆ ಅಕ್ಷರ ಕೂರುತ್ತಿದೆ. ದೀಪ ಹಾಕುವ ಹೊತ್ತು. ಪ್ಲಾಸ್ಟರ್ ಕಟ್ಟಿದ ಅಕ್ಕ ಎಡಗೈಯಲ್ಲಿ ಗುಂಡಿ ಹುಡುಕುತ್ತಿರುತ್ತಾಳೆ. ಮೆಟ್ಟಿಲು ಕತ್ತಲಾಗುವ ಮುಂಚೆ ನಾನು ಇಳಿಯಬೇಕು.

ತಮ್ಮ ನೆತ್ತಿಯ ಮೇಲೆಯೇ ವಾಸವಿದ್ದೂ ತಮ್ಮ ವ್ಯಾಪ್ತಿಗೆ ಒಳಪಟ್ಟ,
ತಮ್ಮ ವಿಶ್ವಾಸಿ,
ಮೇಲ್ಮಹಡಿಯ ಮುದುಕ

ತಾ.ಕ.: ಇದನ್ನು ಕಂಬದ ದೀಪದಡಿ, ಇಸ್ತ್ರಿ ಗಾಡಿಯ ಬೆಚ್ಚನೆ ಹಲಗೆಯ ಮೇಲಿಟ್ಟು ಸೇರಿಸುತ್ತಿದ್ದೇನೆ. ಒಂದು ರಿಂಗು ಬಂತು, ಒಂದು ಕೊಟ್ಟೆ. ಪಕ್ಕದಲ್ಲೇ ತಮ್ಮ ಮಾಲೀಕರು ನಿಂತು ತಮ್ಮನ್ನು ಮಾರಿದ ಅಂಗಡಿಗೆ ಫೋನ್ ಮಾಡುತ್ತಿದ್ದಾರೆ: ಹೆಂಗಸರು ಕಂಬದವರೆಗೂ ಓಡಿಬರುತ್ತಿದ್ದಾರೆ, ಕಂಬವನ್ನೂ ದಾಟುವಂಥ ದೊಡ್ಡದು ಇದೆಯೇ ಎಂದು. ಇದೆಯಂತೆ, ನಾಳೆಯೇ ಕಳಿಸುತ್ತಾರಂತೆ. ಇನ್ನೊಬ್ಬರ ಫೋನಿನ ಮಾತನ್ನು ಕದ್ದು ಕೇಳುವುದು ಅಪರಾಧವೆಂದು ಅದೇ ಗುಮಾಸ್ತರು ಹೇಳಿದ್ದಾರೆ. ಕಾನೂನಿಗೆ ತಲೆಬಾಗುವವನಾದ್ದರಿಂದ ನಾನು ಇದನ್ನು ಕೇಳಿಸಿಕೊಂಡಿಲ್ಲ. ಇಸ್ತ್ರಿಯವನೂ ಕೇಳಿಸಿಕೊಂಡಿಲ್ಲ. ಬಿಡುವಿಗೆ ಬಂದು ಇಲ್ಲೇ ನಿಂತಿರುವ ಹೊಲಿಗೆಯ ಅಷ್ಟೂ ಹೆಂಗಸರು, ತಮ್ಮ ತಮ್ಮ ಫೋನು ಕೆಳಗಿಳಿಸಿ, ಕತ್ತರಿ ಕೈಯಲ್ಲೇ ಹಿಡಿದು, ಬಹಳ ಗಮನವಿಟ್ಟು ಕೇಳಿಸಿಕೊಂಡಿಲ್ಲ.