ಒಂದು ಸಿಂಹಾಸನಕ್ಕೆ ಇಬ್ಬರು ದುರ್ಯೋಧನರು: ವಿಮಾನ ಕಂಪನಿಯ ಅಧ್ಯಕ್ಷರಿಗೆ ಒಂದು ಅರಿಕೆ

ಮಂಚೇನಹಳ್ಳಿ
ಡಿಸೆಂಬರ್ ೨೦೦೮

ಏಳು ಸಮುದ್ರಗಳ ಮೇಲೆ ಹಾರಾಡುವ ಅಂತರರಾಷ್ಟ್ರೀಯ ವಿಮಾನ ಕಂಪನಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ನೆಲದ ಮೇಲೆ ನಡೆದಾಡುವವನೂ, ಇತ್ತೀಚೆಗೆ ಅದನ್ನೂ ಕುಂಟುತ್ತ ಮಾಡುವವನೂ ಆದ ಪೌರಾಣಿಕ ನಾಟಕದ ಮೇಷ್ಟ್ರು ವೆಂಕಟರಾಯಪ್ಪನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂಬುದು ಇಲ್ಲಿ ಬರಿಯ ಮಾತಲ್ಲ. ಪತ್ರ ಮುಗಿಯುವ ಹೊತ್ತಿಗೆ ಅದರ ಅರ್ಥ ತಮಗೇ ಹೊಳೆಯುತ್ತದೆ.

ಕಳೆದ ಆಗಸ್ಟಿನಲ್ಲಿ ಮಸ್ಕತ್ತಿನ ಕನ್ನಡಿಗ ಮಿತ್ರರು ನನ್ನ ಭೀಮನ ಆರ್ಭಟವನ್ನು ಕೇಳಿಯೇ ತೀರಬೇಕೆಂದು ತಮ್ಮ ಕಂಪನಿಯ ವಿಮಾನದ ಟಿಕೆಟ್ ಕಳುಹಿಸಿದರು. ಊರು ನನ್ನನ್ನು ಬೀಳ್ಕೊಟ್ಟ ವೈಭವವನ್ನು ಏನೆಂದು ಬಣ್ಣಿಸಲಿ! ಬ್ಯಾಂಡ್ ಸೆಟ್ಟೇನು, ಹಾರಗಳೇನು, ಅಂಗಡಿ ಅಂಗಡಿಯ ಮುಂದೆ ನಿಂತು ನಾನು ಹಾಡಿದ ಕಂದಪದ್ಯಗಳೇನು! ಆ ಮೆರವಣಿಗೆಯ ದೆಸೆಯಿಂದ ದೇವನಹಳ್ಳಿಯ ಹೊಸ ನಿಲ್ದಾಣವನ್ನು ನಾನು ಎಲ್ಲರಿಗಿಂತ ಕೊನೆಯವನಾಗಿ ತಲುಪಿದೆ. ತಮ್ಮ ಕೌಂಟರಿನಲ್ಲಿದ್ದ ತನುಜ ಎಂಬ ಹೆಣ್ಣುಮಗಳು, ಮದುವೆಗೆ ಕರೆಯುವಷ್ಟು ಪ್ರೀತಿಯಿಂದ ನಕ್ಕು, "ಸಾರಿ ಸರ್, ಫ್ಲೈಟ್ ಓವರ್‌ಬುಕ್ ಆಗಿದೆ, ನಿಮಗೆ ಸೀಟಿಲ್ಲ" ಎಂದಳು.

"ತಾಯೀ, ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದುಂಟೆ?" ಎಂದು ನಾನು ಗುಡುಗಿದಾಗ ಇಡೀ ನಿಲ್ದಾಣ ತಿರುಗಿ ನೋಡಿತು, ಆಕೆ ಮಾತ್ರ ಅದೇ ನಗೆಯಲ್ಲಿ ತಮ್ಮ ಅರ್ಥಶಾಸ್ತ್ರವನ್ನು ಬೋಧಿಸಿದಳು. "ದಿನಾ ಒಂದಷ್ಟು ಜನ ಬರೋದೇ ಇಲ್ಲ ಸರ್. ಮೇಲಕ್ಕೆ ಹೋದ್ಮೇಲೆ ಖಾಲಿ ಸೀಟಿಗೆ ಬೆಲೆ ಎಲ್ಲಿದೆ? ಅದಕ್ಕೇ ಜಾಸ್ತಿ ಮಾರ್ತಾರೆ. ಒಂದೊಂದು ಸಲ ಎಲ್ರೂ ಬಂದ್‌ಬಿಡ್ತಾರೆ. ಆಗ ಕೊನೇಲಿ ಬಂದೋರ್ನ, ಕಮ್ಮಿ ರೇಟಿನ ಟಿಕೆಟ್‌ನೋರ್ನ ಇಳಿಸ್ತೀವಿ." ಹೀಗೆಂದು ನನ್ನ ಕೈಗೆ ಒಂದು ಊಟದ ಕೂಪನ್ನನ್ನಿಟ್ಟಳು. ಸ್ವಾಮಿ, ಸಿಟ್ಟು ಬರಬೇಕಾದ ಜಾಗದಲ್ಲಿ ನನಗೆ ಭಕ್ತಿ ಬಂತು. ಒಂದೇ ಕುರ್ಚಿಯನ್ನು ಇಬ್ಬರಿಗೆ ಮಾರಿ ಇಬ್ಬರಿಂದಲೂ ಥ್ಯಾಂಕ್ಸ್ ಹೇಳಿಸಿಕೊಳ್ಳುವ ಈ ವಿದ್ಯೆ ಶಕುನಿಗೂ ಹೊಳೆದಿರಲಿಲ್ಲವಲ್ಲ!

ಅದೇ ಸಂಜೆ ನಾನು ಮಂಚೇನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಹಾರದ ಸಮೇತ ಇಳಿದಾಗ ನನ್ನ ಧರ್ಮಪತ್ನಿ ಅನಸೂಯಮ್ಮ, "ಏನ್ರೀ, ಮಸ್ಕತ್ತು ಇಷ್ಟು ಹತ್ರಾನಾ? ಹಾರದ ಹೂವೂ ಬಾಡಿಲ್ಲ!" ಎಂದಳು. ಬ್ಯಾಂಡಿನವರು ಮುಖ ಆಚೆ ತಿರುಗಿಸಿದರು. ಆದರೆ ನಾನು ಬರಿಗೈಲಿ ಬಂದಿರಲಿಲ್ಲ. ತಮ್ಮ ವಿದ್ಯೆಯನ್ನು ಹೊತ್ತು ತಂದಿದ್ದೆ.

ನಮ್ಮ ಸೀಮೆಯ ಪದ್ಧತಿಯನ್ನು ತಾವು ಅರಿತಿರಲಿಕ್ಕಿಲ್ಲ. ನಮ್ಮ ನಾಟಕಕ್ಕೆ ಪ್ರೇಕ್ಷಕ ಕಾಸು ಕೊಡುವುದಿಲ್ಲ, ಪಾತ್ರಧಾರಿ ಕೊಡುತ್ತಾನೆ. ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚಿನ ದರ, ಆಮೇಲೆ ಕೃಷ್ಣ, ಆಮೇಲೆ ಭೀಮ. ದ್ವಾರಪಾಲಕನಾಗಲು ಎಲೆ ಅಡಿಕೆ ಸಾಕು. ತಮ್ಮಲ್ಲಿ ಮುಂದಿನ ಸೀಟು, ಹಿಂದಿನ ಸೀಟು ಎಂದಿರುವಂತೆಯೇ. ಪ್ರತಿ ವರ್ಷವೂ ಯಾರಾದರೊಬ್ಬ ದುರ್ಯೋಧನ ಕೊನೇ ಗಳಿಗೆಯಲ್ಲಿ ಗಂಟಲು ಕಟ್ಟಿತೆಂದು ಕೈಕೊಡುತ್ತಾನೆ. ಆದ್ದರಿಂದ ನಾನು ತಮ್ಮನ್ನು ಮನಸಾರೆ ನೆನೆದು, ಒಂದೇ ದುರ್ಯೋಧನನನ್ನು ಇಬ್ಬರಿಗೆ ಮಾರಿದೆ. ನಗರಗೆರೆಯ ಜಮೀನ್ದಾರರಾದ ರಾಮಾಂಜಿನಪ್ಪನವರಿಗೆ ಅವರ ತೋಟದಲ್ಲಿ ಪಾಠ. ದಿಬ್ಬೂರಹಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿರುವ ಗಂಗರಾಜುವಿಗೆ ಶಾಲೆ ಬಿಟ್ಟ ಮೇಲೆ ಪಾಠ. ಒಬ್ಬರ ಸುದ್ದಿ ಒಬ್ಬರಿಗಿಲ್ಲ.

ನಾಟಕದ ಭಾನುವಾರ ಬೆಳಿಗ್ಗೆ ಚಪ್ಪರದ ಹಿಂದೆ ಹೋಗಿ ನೋಡುತ್ತೇನೆ, ಇಬ್ಬರೂ ಬಂದಿದ್ದಾರೆ! ಇಬ್ಬರ ಗಂಟಲೂ ಗಂಟೆಯಂತಿದೆ! ಬಾರದೆ ಹೋದವನು ಭೀಮನ ಪಾತ್ರ ಕೊಂಡಿದ್ದ ನಲ್ಲಪ್ಪ. ಆ ಪಾತ್ರವನ್ನು ನಾನು, ಅಯ್ಯೋ ವಿಧಿಯೇ, ಒಬ್ಬನಿಗೇ ಮಾರಿದ್ದೆ. ಯಾವ ಸೀಟಿನವನು ಕೈಕೊಡುತ್ತಾನೆಂದು ಮೊದಲೇ ತಿಳಿಯುವ ಮಂತ್ರವನ್ನು ತನುಜಮ್ಮ ನನಗೆ ಹೇಳಿಕೊಟ್ಟಿರಲಿಲ್ಲ.

ಆಗ ತಮ್ಮ ನಿಯಮವನ್ನೇ ಹಿಡಿದೆ. ಕೊನೆಗೆ ಬಂದವರು ರಾಮಾಂಜಿನಪ್ಪನವರು. ಆದರೆ ಅವರ ದನಿ ದೊಡ್ಡದು, ಜಮೀನು ಅದಕ್ಕಿಂತ ದೊಡ್ಡದು. ಆದಕಾರಣ ನಿಯಮವನ್ನು ಸ್ವಲ್ಪ ಬಾಗಿಸಿ, ಮೆತ್ತಗೆ ಮಾತಾಡುವ ಗಂಗರಾಜುವನ್ನು ಪಕ್ಕಕ್ಕೆ ಕರೆದು, ತನುಜಮ್ಮನ ನಗೆಯನ್ನೇ ನಕ್ಕು, ಅದೇ ಊಟದ ಕೂಪನ್ನನ್ನು ಅವನ ಕೈಗಿಟ್ಟು, ಮುಂದಿನ ವರ್ಷದ ಸಿಂಹಾಸನ ಖಂಡಿತ ನಿನ್ನದೇ ಎಂದೆ. ಮುಂದಿನ ಸಾಲಿನಲ್ಲಿ ಅವನ ತಂದೆ ಗಂಗುಲಪ್ಪನವರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಕುಳಿತಿದ್ದರು. ಒಂದು ಕಾಲದಲ್ಲಿ ಇದೇ ನಾಟಕವನ್ನು ಚಪ್ಪರದಾಚೆ ನಿಂತು ನೋಡಿದವರು, ಮಗನ ಕಿರೀಟ ನೋಡಲು ಬಂದಿದ್ದರು.

ಗಂಗರಾಜು ಕೂಪನ್ನನ್ನು ತಿರುವಿ ನೋಡಿದ. "ಮೇಷ್ಟ್ರೇ, ಮುಂದಿನ್ ವರ್ಷ ಮುಂದಿನ್ ವರ್ಷ ಅಂತ ಕೇಳಿಸ್ಕೊಂಡೇ ನಮ್ಮಪ್ಪ ಮುದುಕ ಆದ್ರು. ನಾನು ಇಳಿಯಲ್ಲ" ಎಂದ. ಅಷ್ಟೇ ಮೆತ್ತಗೆ.

ನಾನು ಬಾಯಿ ತೆರೆಯುವುದರೊಳಗೆ ಪರದೆಯ ಹಿಂದಿನಿಂದ ಅರ್ಧ ಮೀಸೆ ಅಂಟಿಸಿಕೊಂಡ ರಾಮಾಂಜಿನಪ್ಪನವರು ಹೊರಬಂದರು. "ಇದೇಮಿ ನ್ಯಾಯಮಯ್ಯಾ ಮೇಷ್ಟ್ರೇ! ನನ್ ಹತ್ರಾನೂ ಇಸ್ಕೊಂಡು, ಅವರ ಹತ್ರಾನೂ ಇಸ್ಕೊಂಡು, ಈಗ ಅವರಿಗೆ ಚೀಟಿ ಕೊಟ್ಟು ಸಾಗಾಕ್ತೀಯಾ? ಗಂಗರಾಜು ಸಾರ್, ಬಣ್ಣ ಹಚ್ಕೊಳಪ್ಪ ನೀನು. ಇಬ್ರೂ ಒಟ್ಟಿಗೇ ಹೋಗಣ. ಭೀಮ ಯಾರೋ ನೋಡಣ!"

ಭೀಮ ಯಾರು? ನಲ್ಲಪ್ಪ ಬಾರದ ಮೇಲೆ ಇನ್ನಾರು ಸ್ವಾಮಿ, ನಾನೇ! ಒಂದೇ ಸಿಂಹಾಸನದ ಮೇಲೆ ಒಬ್ಬರ ತೊಡೆಗೊಬ್ಬರು ಒತ್ತಿ ಕುಳಿತ ಇಬ್ಬರು ದುರ್ಯೋಧನರು ಸರದಿಯಂತೆ ಪದ್ಯ ಹಾಡಿ, ಗದಾಯುದ್ಧಕ್ಕೆ ಜೊತೆಯಾಗಿಯೇ ಇಳಿದರು. ಮುರಿಯಬೇಕಾದ ತೊಡೆಗಳು ನಾಲ್ಕು, ನನ್ನ ಕೈಯಲ್ಲಿದ್ದ ಗದೆ ಒಂದು. ಎಡಗಡೆಯಿಂದ ನಗರಗೆರೆ, ಬಲಗಡೆಯಿಂದ ದಿಬ್ಬೂರಹಳ್ಳಿ! ಮಹಾಭಾರತ ನಡೆದಂದಿನಿಂದ ಮೊದಲ ಬಾರಿಗೆ ಮಂಚೇನಹಳ್ಳಿಯಲ್ಲಿ ಕೌರವರು ಯುದ್ಧ ಗೆದ್ದರು. ಭೀಮನು ಸಾಷ್ಟಾಂಗ ಬಿದ್ದನು. ಗಂಗುಲಪ್ಪನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ಚಪ್ಪರ "ಒನ್ಸ್ ಮೋರ್!" ಎಂದು ಕೂಗಿತು. ರಂಗಭೂಮಿಯ ಧರ್ಮವನ್ನು ಮೀರಲಾಗದೆ ನಾನು ಎದ್ದು, ಮತ್ತೆ ಬಿದ್ದೆ. ಆಗಲೇ ಮೇಲೆ ತಮ್ಮ ಬಳಗದ್ದೊಂದು ವಿಮಾನ, ಯಾರನ್ನೋ ಕೆಳಗೆ ಬಿಟ್ಟು, ಹಾಯಾಗಿ ಹಾರಿಹೋಯಿತು.

ಈಗ ನನ್ನ ದೂರು. ಒಂದು ಕುರ್ಚಿಯನ್ನು ಎರಡು ಸಲ ಮಾರಿಯೂ, ಎಣ್ಣೆ ತುಟ್ಟಿಯಾಯಿತೆಂದು ಮೇಲೆ ವಸೂಲು ಮಾಡಿಯೂ ತಾವೆಲ್ಲ ನಷ್ಟದಲ್ಲಿದ್ದೀರೆಂದು ಪತ್ರಿಕೆಯಲ್ಲಿ ಓದಿ ಕಣ್ಣೀರಿಟ್ಟೆ. ಒಂದೇ ಗುರುಕುಲದ ಶಿಷ್ಯರಲ್ಲವೆ ನಾವು! ಆದರೆ ತಾವು ಇಳಿಸಿದವನು ಮರುದಿನ ತಮಗೆ ಟೀ ಅಂಗಡಿಯಲ್ಲಿ ಎದುರಾಗುವುದಿಲ್ಲ. ನನಗೆ ಆಗುತ್ತಾನೆ, ಟೀ ಕೊಡಿಸಿ ಕಾಲು ನೋವು ಹೇಗಿದೆ ಎಂದು ವಿಚಾರಿಸುತ್ತಾನೆ. ಆದ್ದರಿಂದ ಮಹಾಸ್ವಾಮಿಗಳು ದಯಮಾಡಿ ತಮ್ಮ ಪ್ರಧಾನ ಕಚೇರಿಯನ್ನು ಒಂದು ವರ್ಷದ ಮಟ್ಟಿಗೆ ಮಂಚೇನಹಳ್ಳಿಯ ಬಸ್ ಸ್ಟ್ಯಾಂಡಿಗೆ ಸ್ಥಳಾಂತರಿಸಬೇಕು. ನನ್ನ ಮುಂದಿನ ನಾಟಕದ ಭೀಮನಿಗೆ ಸೀಟ್ ಬೆಲ್ಟ್ ಕಳುಹಿಸಿಕೊಡಬೇಕು. ತನುಜಮ್ಮನ ಆ ನಗೆಯನ್ನು ನನಗೆ ಸಾಲವಾಗಿ ಕೊಡಬೇಕು, ಏಕೆಂದರೆ ನನ್ನದು ಕೆಲಸ ಮಾಡಲಿಲ್ಲ.

ತಮ್ಮ ವಿದ್ಯೆಯನ್ನು ಕದ್ದು, ಅದರ ಫಲವನ್ನು ಮಂಡಿಯಲ್ಲಿ ಅನುಭವಿಸುತ್ತಿರುವ,

ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ
(ಟಿಕೆಟ್ ಇದ್ದೂ ನೆಲದ ಮೇಲಿರುವವನು)

ತಾ.ಕ.: ಗದಾಯುದ್ಧದ ಸುದ್ದಿ ಮಸ್ಕತ್ತಿನವರೆಗೂ ಮುಟ್ಟಿ, ಅಲ್ಲಿನ ಮಿತ್ರರು ಮುಂದಿನ ತಿಂಗಳು ಇಬ್ಬರು ದುರ್ಯೋಧನರನ್ನೂ ಕರೆಸಿಕೊಳ್ಳುತ್ತಿದ್ದಾರೆ. ಭೀಮನು ಅಲ್ಲಿಯೇ ಸಿಗುತ್ತಾನಂತೆ, ನಾನು ಬೇಡವಂತೆ. ಇಬ್ಬರ ಟಿಕೆಟ್ಟೂ ತಮ್ಮ ವಿಮಾನದಲ್ಲಿಯೇ. ಒಂದು ವೇಳೆ ಅವರಿಬ್ಬರಿಗೂ ಒಂದೇ ಸೀಟನ್ನು ಮಾರಿದ್ದರೆ, ಯಾರ ದನಿ ಮೆತ್ತಗಿದೆಯೆಂದು ಹುಡುಕುವ ತಪ್ಪನ್ನು ತಾವು ಮಾಡಬಾರದೆಂದು ಪ್ರಾರ್ಥನೆ. ಊಟದ ಕೂಪನ್ನನ್ನು ಗಂಗರಾಜು ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ತಮಗೇ ವಾಪಸು ಕೊಡುತ್ತಾನಂತೆ, ಗದೆಯ ಜೊತೆಯಲ್ಲಿ.