ಹನ್ನೆರಡನೆಯ ತಂದೆ

ಹನ್ನೆರಡನೆಯ ತಂದೆಗೆ ಬೆಳಗ್ಗೆ ಎಂಟಕ್ಕೆ ಜ್ವರ ಬಂತು. ಉಳಿದ ಹನ್ನೊಂದು ತಂದೆಯರು ಆಗಲೇ ತಮ್ಮ ಪಾಲಿನ ಕೆಲಸ ಮುಗಿಸಿ, ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಅಂಕಿಗಳಾಗಿ ಕೂತಿದ್ದರು. ವೀರ್ಯಾಣುವಿನ ಬಾಲ ಬಡಿಯುವುದಕ್ಕೆ ಕಸುವು ಎಲ್ಲಿಂದ ಬರುತ್ತದೆ ಎಂದು ಆರು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದ ಸಂಶೋಧಕನಿಗೆ ಬೇಕಿದ್ದದ್ದು ಇನ್ನೊಂದೇ ಮಾದರಿ, ಅದೂ ಮಕ್ಕಳಿರುವ ಗಂಡಸಿನದು. ಕ್ಯಾಮೆರಾ ಇರುವ ದೊಡ್ಡ ಸೂಕ್ಷ್ಮದರ್ಶಕ ಅಂದು ಸಂಜೆ ಐದಕ್ಕೆ ಬೇರೆ ವಿಭಾಗಕ್ಕೆ ಹೋಗುವುದಿತ್ತು. ಹೋದರೆ ಮರಳುವುದು ಆರು ತಿಂಗಳಿಗೆ.

"ಆರು ವರ್ಷ ಹೊತ್ತಿದ್ದೀರಿ. ಇನ್ನಾರು ತಿಂಗಳು ಏನು ಮಹಾ," ಎಂದಳು ಹೆಂಡತಿ.

ಮೂಲೆಯ ಜೆರಾಕ್ಸ್ ಅಂಗಡಿಯವನಿಗೆ ಇಬ್ಬರು ಮಕ್ಕಳು. ಸಂಶೋಧಕ ವಿಷಯವನ್ನು ಸುತ್ತಿ ಬಳಸಿ ಹೇಳುವಷ್ಟರಲ್ಲಿ ಅವನು ಬಾಗಿಲು ಅರ್ಧ ಎಳೆದು, "ಇವತ್ತು ಕರೆಂಟಿಲ್ಲ ಸಾರ್," ಎಂದ. ಅವನ ತಲೆಯ ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು.

ಉಳಿದವರು ಮಹಡಿ ಮನೆಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮೂರು ಮಕ್ಕಳು. ಅವರು ಮಾತು ಪೂರ್ತಿ ಕೇಳಲೇ ಇಲ್ಲ.

"ಡಬ್ಬಿ ಎಲ್ಲಿ?"

"ನಿಮಗೆ ಮುಜುಗರ ಆಗೋದಾದ್ರೆ ಬೇಡ ಮೇಷ್ಟ್ರೇ..."

"ವಿಜ್ಞಾನಕ್ಕೆಂಥ ಮುಜುಗರ ಡಾಕ್ಟ್ರೇ? ಆದ್ರೆ ಒಂದು, ನೋಡಿದ್ಮೇಲೆ ಹೇಗಿದೆ ಅಂತ ನನಗೆ ಹೇಳ್ಬೇಕು."

ಇನ್ನೂ ಆಗದ ಡಾಕ್ಟರಿಗೆ ಕಣ್ಣು ತುಂಬಿಬಂತು. ಮೇಷ್ಟ್ರು ಫಾರಮಿನಲ್ಲಿ ತೋರಿಸಿದಲ್ಲೆಲ್ಲ ಸಹಿ ಹಾಕಿದರು.

ಡಬ್ಬಿ ಕೈಗೆ ಬಂದಾಗ ಹತ್ತೂಕಾಲು. ಒಂದು ಗಂಟೆಯೊಳಗೆ, ಮೈಬಿಸಿ ಆರದಂತೆ, ಲ್ಯಾಬು ಮುಟ್ಟಿಸಬೇಕು. ಸಂಶೋಧಕ ಅದನ್ನು ಅಂಗಿಯೊಳಗೆ ಎಡಗಂಕುಳಲ್ಲಿ ಅವುಚಿಕೊಂಡು ಬೀದಿಗಿಳಿದರೆ, ಮೇಷ್ಟ್ರು ತಮ್ಮ ಕಾರಿನಲ್ಲೇ ಬಿಡುವುದಾಗಿ ಹಟ ಹಿಡಿದರು. ಸ್ಟೀರಿಂಗ್ ಹಿಡಿದಿದ್ದವರು ನಿವೃತ್ತ ಟೀಚರಮ್ಮ. ಅವರಿಗೆ ಅದು ಮೂರನೆಯ ಪಾಠ. ಕಾರು ಬಿಕ್ಕಳಿಕೆ ಬಂದ ಎಮ್ಮೆಯಂತೆ ಹೊರಟಿತು.

"ಏನಪ್ಪಾ, ಕೈ ಯಾಕೆ ಹಾಗಿಟ್ಕೊಂಡಿದ್ದೀಯ?" ಕನ್ನಡಿಯಲ್ಲಿ ರಸ್ತೆಯ ಬದಲು ಇವನನ್ನು ನೋಡುತ್ತಿದ್ದ ಟೀಚರಮ್ಮ ಕೇಳಿದರು.

"ಸ್ವಲ್ಪ ನೋವು ಟೀಚರ್."

"ಹಾಗೇ ಬಿಟ್ರೆ ಹಿಡ್ಕೊಂಡ್ಬಿಡುತ್ತೆ. ಎತ್ತು, ಮೇಲಕ್ಕೆತ್ತು." ಎತ್ತಿಸಲೆಂದು ಅವರು ಸ್ಟೀರಿಂಗ್ ಬಿಟ್ಟು ಹಿಂದಕ್ಕೇ ತಿರುಗಿದರು. ಕಾರು ನಾಲ್ಕು ರಸ್ತೆ ಕೂಡುವಲ್ಲಿ ನಡುಮಧ್ಯೆ ಉಸಿರು ಬಿಟ್ಟಿತು.

ಟ್ರಾಫಿಕ್ ಪೊಲೀಸ್ ಬಂದ. "ಕಂಕುಳಲ್ಲೇನ್ರೀ ಅದು?"

ಸಂಶೋಧಕ ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ನಂದು ಸಾರ್," ಎಂದರು.

ಪೊಲೀಸ್ ಡಬ್ಬಿ ಹೊರತೆಗೆಸಿ ಕೈಗೆ ತೆಗೆದುಕೊಂಡು, ಬೆಚ್ಚಗಿದೆಯಲ್ಲ ಎಂದು ಇನ್ನಷ್ಟು ಅನುಮಾನಪಟ್ಟು, ಸಂಗತಿ ತಿಳಿದ ಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಾಲ್ಕೂ ಕಡೆಯ ವಾಹನ ನಿಲ್ಲಿಸಿ ದಾರಿ ಬಿಡಿಸಿಕೊಟ್ಟ. ಲ್ಯಾಬು ಮುಟ್ಟಿದಾಗ ಆ ಒಂದು ಗಂಟೆಯಲ್ಲಿ ಇನ್ನು ನಾಲ್ಕು ನಿಮಿಷ ಬಾಕಿ.

ಸಂಶೋಧಕ ಗಾಜಿನ ಮೇಲೆ ಹನಿ ಬಿಟ್ಟು ಕಣ್ಣಿಟ್ಟ. ಏನೂ ಇಲ್ಲ. ಇನ್ನೊಂದು ಹನಿ, ಇಲ್ಲ. ದಾರಿಯಲ್ಲಿ ಸತ್ತವೇ? ಸತ್ತರೂ ಹೆಣ ಕಾಣಬೇಕಲ್ಲ. ಈ ಕೆರೆಯಲ್ಲಿ ಮೀನಿರಲಿ, ಮೀನಿನ ಮುಳ್ಳೂ ಇರಲಿಲ್ಲ.

ಆಗ ಅವನಿಗೆ ಮೇಷ್ಟ್ರ ಮೂರು ಮಕ್ಕಳು ನೆನಪಾದರು. ಕಿರಿಯವನಿಗೆ ಗುಂಗುರು ಕೂದಲು. ಆ ಮನೆಯಲ್ಲಿ ಇನ್ಯಾರಿಗೂ ಗುಂಗುರಿಲ್ಲ. ತಲೆ ಕೊಡವಿಕೊಂಡ. ಕೊಡವಿದಷ್ಟೂ ಗುಂಗುರು ಸುತ್ತಿಕೊಂಡಿತು. ಪ್ರಬಂಧ ಹಾಳಾಗಲಿ, ಒಂದು ಸಂಸಾರ ಉಳಿಯಬೇಕು.

ಅಷ್ಟರಲ್ಲಿ ಫೋನು.

"ಡಾಕ್ಟ್ರೇ, ಹೇಗಿವೆ ನಮ್ಮವು?"

"ಬಹಳ ಚೆನ್ನಾಗಿವೆ ಮೇಷ್ಟ್ರೇ," ಎಂದ ಅವನು, ಜೀವನದ ಅತ್ಯಂತ ದೊಡ್ಡ ಸುಳ್ಳನ್ನು ಅತ್ಯಂತ ಮೃದುವಾಗಿ. "ಲಕ್ಷಗಟ್ಟಲೆ ಇವೆ. ಕುದುರೆ ಥರ ಓಡ್ತಿವೆ."

ಮೇಷ್ಟ್ರು ಕುಸಿದ ದನಿಯಲ್ಲಿ ಹೇಳಿದರು: "ಹೋದ ವರ್ಷ ಆಪರೇಷನ್ ಮಾಡಿಸ್ಕೊಂಡಿದ್ದೀನಲ್ರೀ. ಎಲ್ಲ ನಿಂತಿದೆಯಾ ಅಂತ ಒಂದ್ಸಲ ಟೆಸ್ಟ್ ಮಾಡಿಸಿ ಅಂದಿದ್ರು ಡಾಕ್ಟರು. ನಾಚ್ಕೆ ಆಗಿ ಹೋಗಿರ್ಲಿಲ್ಲ. ನೀವಾಗೇ ಕೇಳಿದ್ರಿ, ದೇವರೇ ಬಂದ ಹಾಗಾಯ್ತು ಅಂದ್ಕೊಂಡೆ."

"ಮೊದಲೇ ಹೇಳ್ಬಾರ್ದಾ ಮೇಷ್ಟ್ರೇ?"

"ಮಕ್ಕಳಿದಾರಾ ಅಂತಷ್ಟೇ ಕೇಳಿದ್ರಿ. ಮುಂದೆ ಆಗ್ಬಾರ್ದು ಅಂತ ಏನಾದ್ರೂ ಮಾಡಿದ್ದೀರಾ ಅಂತ ಯಾರು ಕೇಳಿದ್ರು?"

ಸಂಶೋಧಕ ಫಾರಂ ತಿರುವಿ ನೋಡಿದ. ಆ ಪ್ರಶ್ನೆ ಎರಡನೆಯ ಪುಟದಲ್ಲಿತ್ತು. ಅದರ ಮುಂದೆ ಖಾಲಿ. "ಮೇಷ್ಟ್ರೇ, ನಾನು ಹೇಳಿದ್ದು ಸುಳ್ಳು. ಒಂದೂ ಇಲ್ಲ. ಸೊನ್ನೆ."

"ಈಗ ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ."

"ಇಲ್ಲ, ಆಗ ಸಮಾಧಾನಕ್ಕೆ ಹೇಳಿದ್ದು."

ಫೋನು ಕಟ್ಟಾಯಿತು.

ಮೂರೂವರೆಗೆ ಲ್ಯಾಬಿನ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಪಕ್ಕದಲ್ಲಿ ಅವರ ಷಡ್ಡಕ, ಷಡ್ಡಕನ ಪಕ್ಕದಲ್ಲಿ ಅವನ ಅಣ್ಣ. ಮೂವರ ಎಡಗೈಯೂ ಮೈಗೆ ಬಿಗಿದು ಅಂಟಿತ್ತು.

"ನಮ್ಮ ಮೂವರಿಗೂ ಆಪರೇಷನ್ ಮಾಡಿದ್ದು ಅದೇ ಡಾಕ್ಟರು," ಎಂದರು ಮೇಷ್ಟ್ರು. "ಈ ಸಲ ನನ್ನ ಕಣ್ಣಿಗೇ ತೋರಿಸ್ಬೇಕು. ಇವರೂ ಹೆದರಿಕೊಂಡಿದ್ದಾರೆ."

ಅದೇ ಹೊತ್ತಿಗೆ ಗೈಡ್ ಮೇಡಂ ಒಳಬಂದರು. ಮೂರು ಕಂಕುಳು, ಮೂರು ಡಬ್ಬಿ ನೋಡಿ, ಆರು ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖ ಅರಳಿತು.

"ಮೂರು ಜನ ತಂದೆಯರಾ? ಒಬ್ಬರು ಸಿಗೋದೇ ಕಷ್ಟ ಅಂತಿದ್ದಿರಿ."

"ಮೇಡಂ, ಇವರು..."

"ನಿಮ್ಮ ವಿನಯ ಎಲ್ಲ ಆಮೇಲೆ. ಹನ್ನೆರಡು ಯಾಕೆ, ಹದಿನಾಲ್ಕೇ ಆಗಲಿ," ಎಂದು ಮೇಡಂ ಫೋನಿನ ಮೇಲೆ ಬೆರಳಾಡಿಸಿದರು. "ನೋಡಿ, ಕಮಿಟಿಗೆ ಹದಿನಾಲ್ಕು ಅಂತ ಬರೆದೇಬಿಟ್ಟೆ."