‘ಹುಚ್ಚರ ಸ್ಟಾಪ್’ ಕೂಗುವ ಕಂಡಕ್ಟರ್ ಸಾಹೇಬರಿಗೆ

ಮಾನ್ಯರೇ,

ಮಸಗುಪ್ಪಿಯಿಂದ ಗೋಕಾಕಕ್ಕೆ ಓಡುವ ಮುಂಜಾನೆಯ ಬಸ್ಸಿನ ಸಾರ್ವಭೌಮರೂ, ಚಿಲ್ಲರೆ ಕೇಳಿದೊಡನೆ ಕಿವುಡಾಗುವ ಮಹಾಯೋಗಿಗಳೂ ಆದ ಕಂಡಕ್ಟರ್ ಅಲ್ಲಪ್ಪನವರ ಸನ್ನಿಧಿಗೆ, ನಾಟಕಗಳಲ್ಲಿ ರಾಕ್ಷಸನಾಗಿ ಗರ್ಜಿಸಿ ಗಂಟಲು ಸವೆಸಿಕೊಂಡ ಸೋಮಪ್ಪನ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಕಂಠದ ಮುಂದೆ ನನ್ನದು ಬರೀ ಸೊಳ್ಳೆಯ ಗುಂಯ್. ಮನೋವೈದ್ಯರ ದವಾಖಾನೆಯೆದುರು ಬಸ್ಸು ನಿಂತೊಡನೆ “ಹುಚ್ಚರ ಸ್ಟಾಪ್! ಹುಚ್ಚರೆಲ್ಲಾ ಇಳೀರಿ, ಶಾಣ್ಯಾರು ಕುಂದರ್ರಿ!” ಎಂದು ತಾವು ಗುಡುಗಿದರೆ ಘಟಪ್ರಭೆಯ ಮೀನುಗಳೂ ಬೆದರಿ ತಳ ಸೇರುತ್ತವೆಯಂತೆ.

ನನ್ನ ತಮ್ಮನ ಮಗಳು ಮಾಲಾ ಕಾಲೇಜಿನ ಹುಡುಗಿ. ಊಟ ಬಿಟ್ಟು, ಪುಸ್ತಕ ಬಿಟ್ಟು, ಗೋಡೆ ನೋಡುತ್ತ ಕೂತಿದ್ದವಳು, ಪ್ರತಿ ಮಂಗಳವಾರ ಆ ಡಾಕ್ಟರರ ಬಳಿ ಹೋಗತೊಡಗಿದ ಮೇಲೆ ಈಗೀಗ ಬಾಯಿಬಿಟ್ಟು ರೊಟ್ಟಿ ಕೇಳುತ್ತಿದ್ದಳು. ಹೋದ ಮಂಗಳವಾರ ತಮ್ಮ ಗರ್ಜನೆಗೆ ಹಿಂದಿನ ಸೀಟಿನ ಗೆಳತಿಯರು ಕಿಸಕ್ಕೆಂದರು, ಇವಳು ಇಳಿಯಲೇ ಇಲ್ಲ. “ಇನ್ನ ಆ ಸ್ಟಾಪಿನ್ಯಾಗ ಇಳ್ಯಂಗಿಲ್ಲ ದೊಡ್ಡಪ್ಪಾ, ಗುಳಿಗಿನೂ ಬ್ಯಾಡ” ಎಂದು ಮತ್ತೆ ಗೋಡೆಗೆ ಮುಖ ಮಾಡಿದಳು.

ಇಂಥ ಅಮೋಘ ಸೇವೆ ಒಂದೇ ಸ್ಟಾಪಿಗೆ ಸೀಮಿತವಾಗುವುದೇ? ಮೂಲವ್ಯಾಧಿಯ ಡಾಕ್ಟರರೆದುರು “ಕುಂದರಾಕ ಆಗದವರು ಇಳೀರಿ!” ಎಂದೂ, ತಾವು ಸಕ್ಕರೆ ಕಾಯಿಲೆಗೆ ಗುಳಿಗೆ ಕೊಳ್ಳುವ ಅಂಗಡಿಯೆದುರು ತಮ್ಮ ಹೆಸರನ್ನೇ, ಮನೆತನದ ಸಮೇತ, ಕೂಗಬೇಕೆಂದೂ ಬೇಡುತ್ತೇನೆ.

ಈ ಮಂಗಳವಾರ ಮಾಲಾಳ ಕೈಹಿಡಿದು ನಾನೇ ಬಸ್ಸು ಹತ್ತಿದ್ದು ತಮಗೆ ನೆನಪಿರಬಹುದು. ತಾವು ಬಾಯಿ ತೆರೆಯುವ ಮೊದಲೇ ನಾನೆದ್ದು, “ಬಾಜೂ ಸರೀರಿ! ಮೈಗೆ ಜಡ್ಡಾದಂಗ ಮನಸಿಗೂ ಆಗತೈತಿ. ನಾ ತೋರಸಾಕ ಹೊಂಟೇನಿ, ಯಾರರೆ ಬರೂರಿದ್ರ ಬರ್ರಿ!” ಎಂದು ಮೊಳಗಿದೆ. “ದೊಡ್ಡಪ್ಪಾ, ಸಣ್ಣಾಗಿ ಒದರೋ!” ಎಂದು ಮಾಲಾ ನನ್ನ ಅಂಗಿ ಜಗ್ಗಿದಳು. ಜಗ್ಗುತ್ತಲೇ ಇಳಿದಳು. ಅವಳ ಹಿಂದೆ, ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ರಾಜೇಶ್ವರಿಯೂ ತಲೆ ತಗ್ಗಿಸಿ ಇಳಿದು, “ನಂಗೂ ನಿದ್ದಿ ಹತ್ತವಲ್ದು, ಮಾಲಾ” ಎಂದಳು. ಮಾಲಾ ಅವಳ ಕೈಹಿಡಿದು ಮುಂದೆ ನಡೆದಳು. ಆಮೇಲೆ ನನ್ನನ್ನು ಕೇಳುವವರೇ ಇರಲಿಲ್ಲ.

ತಮ್ಮ ಕಂಠಕ್ಕೆ ಶರಣಾದ ವಿಶ್ವಾಸಿ,
ಸೋಮಪ್ಪ, ಮಸಗುಪ್ಪಿ

ತಾ.ಕ.: ನಾವಿಳಿದ ಮೇಲೆ ತಾವು “ರೈಟ್, ರೈಟ್” ಎಂದು ಅರ್ಧ ತಾಸು ಒದರಿದರೂ ಬಸ್ಸು ಅಲುಗಲಿಲ್ಲವೆಂದು ಕೇಳಿ ದುಃಖವಾಯಿತು. ತಮ್ಮ ತರುಣ ಡ್ರೈವರ್ ಬಾಳೇಶ ದವಾಖಾನೆಯೊಳಗೆ ನಮ್ಮ ಬಾಜೂಕ್ಕೇ ಪಾಳಿಯಲ್ಲಿ ಕುಳಿತಿದ್ದ. ತಮಗೊಂದು ಪತ್ರ ಬರೆಯುವವನಿದ್ದೇನೆ ಎಂದಾಗ, “ದಿನಾ ಇಲ್ಲಿ ಬಸ್ ನಿಲ್ಲಸ್ತೇನ್ರಿ, ಇಳಿಯಾಕ ಧೈರ್ಯ ಇರಲಿಲ್ಲ. ಪತ್ರದಾಗ ಇದನ್ನೂ ಬರೀರಿ, ಹೆಸರ ಹಾಕೇ ಬರೀರಿ” ಎಂದ.